20 ಎಂಎಂ ಜಲ್ಲಿನೇ ಯಾಕೆ?

ರಾಜಾಜಿನಗರ, ವಿಜಯನಗರದ ಯಾವ ಅಡ್ಡರಸ್ತೆಗೆ ಹೋದ್ರೂ ಹಳೇ ಮನೆ ಒಡೆದು ಹೊಸದು ಕಟ್ಟುತ್ತಿರುತ್ತಾರೆ. ಗೇಟಿನ ಮುಂದೆ ಎಂ-ಸ್ಯಾಂಡ್ ರಾಶಿ, ಪಕ್ಕದಲ್ಲಿ ಜಲ್ಲಿ ರಾಶಿ. ಕೆಂಗೇರಿ ಹತ್ತಿರ ನಮ್ಮ ಚಿಕ್ಕಪ್ಪನ ಮನೆ ಕೆಲಸ ನಡೆಯುವಾಗ ಮೇಸ್ತ್ರಿಯನ್ನು ಕೇಳಿದ್ದೆ: "ಜಲ್ಲಿ ದಪ್ಪ ಇದ್ದಷ್ಟೂ ಕಾಂಕ್ರೀಟ್ ಗಟ್ಟಿ ಅಲ್ವಾ?" ಆತ ನಕ್ಕು, "ಸ್ಲ್ಯಾಬಿಗೆ ಇಪ್ಪತ್ತು, ಕಂಬಿ ಜಾಸ್ತಿ ಇರೋ ಕಡೆ ಬೇಬಿ ಜಲ್ಲಿ" ಅಂದ. ಯಾಕೆ ಅಂತ ಹೇಳಲಿಲ್ಲ.

ಬೆಂಗಳೂರು ಸುತ್ತಿನ ಜಲ್ಲಿ ಹೆಚ್ಚಾಗಿ ಗ್ರಾನೈಟ್, ನೈಸ್ ಕಲ್ಲಿನದು. ಮನೆಗೆ ಹಾಕುವ ಎಂ20 ಕಾಂಕ್ರೀಟಿಗಿಂತ ಕಲ್ಲೇ ಎಷ್ಟೋ ಪಾಲು ಗಟ್ಟಿ. ಲ್ಯಾಬಿನಲ್ಲಿ ಕ್ಯೂಬ್ ಒಡೆದಾಗ ಗಮನಿಸಿ: ಬಿರುಕು ಬಹುಪಾಲು ಕಲ್ಲನ್ನು ಸೀಳುವುದಿಲ್ಲ, ಅದರ ಅಂಚು ಹಿಡಿದು ಸುತ್ತಿಕೊಂಡು ಹೋಗುತ್ತದೆ. ಸೋಲುವುದು ಕಲ್ಲಲ್ಲ, ಕಲ್ಲು ಮತ್ತು ಸಿಮೆಂಟ್ ಪೇಸ್ಟಿನ ನಡುವಿನ ಬೆಸುಗೆ. ಜಲ್ಲಿಯ ಗಾತ್ರ ಆಟ ಆಡೋದು ಅಲ್ಲೇ.

ಜಲ್ಲಿ ಸಣ್ಣದಾದಷ್ಟೂ ಒಟ್ಟು ಮೇಲ್ಮೈ ಹೆಚ್ಚು, ಅದನ್ನು ಒದ್ದೆ ಮಾಡಲು ನೀರೂ ಹೆಚ್ಚು. ಐಎಸ್ 10262 ಪ್ರಕಾರ 50 ಎಂಎಂ ಸ್ಲಂಪಿಗೆ ಒಂದು ಘನ ಮೀಟರಿಗೆ ಬೇಕಾದ ನೀರು 10 ಎಂಎಂ ಜಲ್ಲಿಗೆ 208 ಲೀಟರ್, 20ಕ್ಕೆ 186, 40ಕ್ಕೆ 165. ನೀರು-ಸಿಮೆಂಟ್ ಅನುಪಾತ 0.5 ಇಟ್ಟುಕೊಂಡರೆ 20 ಎಂಎಂಗೆ 372 ಕೆಜಿ ಸಿಮೆಂಟ್ ಸಾಕು, 10 ಎಂಎಂಗೆ 416 ಬೇಕು. ಹೆಚ್ಚು ಕಡಿಮೆ ಒಂದು ಮೂಟೆ ಜಾಸ್ತಿ! ಆ ಮೂಟೆ ಉಳಿಸಿ ನೀರು ಮಾತ್ರ ಹಾಕಿದರೆ ಅನುಪಾತ 0.56ಕ್ಕೆ ಏರುತ್ತದೆ, ಶಕ್ತಿ ಇಳಿಯುತ್ತದೆ.

ಹಾಗಾದ್ರೆ 40 ಎಂಎಂ ಹಾಕಿಬಿಡೋಣ್ವಾ? ದೊಡ್ಡ ಕಲ್ಲಿನ ಕೆಳಗೆ ಮೇಲೇಳುವ ನೀರು ಸಿಕ್ಕಿಕೊಂಡು ಬೆಸುಗೆ ದುರ್ಬಲವಾಗುತ್ತದೆ. ಎಂ20ರಲ್ಲಿ ಇದು ಅಷ್ಟಾಗಿ ಕಾಡದು. ಹೆಚ್ಚು ಶಕ್ತಿಯ ಕಾಂಕ್ರೀಟಿನಲ್ಲಿ ಕಾಡುತ್ತದೆ, ಅದಕ್ಕೇ ಅಲ್ಲಿ ಸಣ್ಣ ಜಲ್ಲಿ. ಮನೆಯಲ್ಲಿ ಅಡ್ಡಿ ಬರೋದು ಜಾಗ. ಐಎಸ್ 456:2000 ಪ್ರಕಾರ ಜಲ್ಲಿ ಗಾತ್ರ ಭಾಗದ ಕನಿಷ್ಠ ದಪ್ಪದ ಕಾಲು ಪಾಲು ಮೀರಬಾರದು. 100 ಎಂಎಂ ಸ್ಲ್ಯಾಬಿಗೆ ಮಿತಿ 25. ನಲವತ್ತು ಕೂರಲ್ಲ, ಇಪ್ಪತ್ತು ಕೂರುತ್ತೆ. ಕಂಬಿ ದಟ್ಟವಾಗಿದ್ದರೆ ಮುಖ್ಯ ಕಂಬಿಗಳ ನಡುವಿನ ಸಂದಿಗಿಂತಲೂ, ಕವರಿಗಿಂತಲೂ 5 ಎಂಎಂ ಕಮ್ಮಿ ಇರಬೇಕು.

ಚಿಕ್ಕಪ್ಪನ ಮನೆಯಲ್ಲಿ ಎಡವಟ್ಟಾಗಿದ್ದು ಇಲ್ಲೇ. ಕಂಬ-ಬೀಮ್ ಸೇರುವ ಕಡೆ ಸಂದಿ 22 ಎಂಎಂ ಇತ್ತು, ಅಂದರೆ ಮಿತಿ 17. ಬೇಬಿ ಜಲ್ಲಿ ಲೋಡ್ ಬರದ ದಿನ 20 ಎಂಎಂ ಹಾಕಿ ಮುಗಿಸಿದರು. ಕಲ್ಲು ಮೇಲೇ ನಿಂತಿತು, ಇಳಿಯಲಿ ಅಂತ ಪೈಪಲ್ಲಿ ನೀರು ಬಿಟ್ಟರು. ಶಟರಿಂಗ್ ಬಿಚ್ಚಿದಾಗ ಜೇನುಗೂಡಿನಂತೆ ತೂತು, ಒಳಗೆ ಕಂಬಿ ಕಾಣುತ್ತಿತ್ತು. ಪ್ಲಾಸ್ಟರಿಂಗಲ್ಲಿ ಮುಚ್ಚಿ ಹೋಗುತ್ತೆ ಅಂದರು. ಚಿಕ್ಕಪ್ಪ ಒಪ್ಪಲಿಲ್ಲ, ಇಂಜಿನಿಯರನ್ನು ಕರೆಸಿದರು. ಕೆಳಗೆ ಆಸರೆ ಕೊಟ್ಟು, ಸಡಿಲ ಭಾಗ ಗಟ್ಟಿ ಕಾಂಕ್ರೀಟ್ ಸಿಗುವವರೆಗೂ ಚಾಣದಲ್ಲಿ ಕೆತ್ತಿ, ಕುಗ್ಗದ ಗ್ರೌಟ್ ತುಂಬಿಸಿದ ಮೇಲೇ ಮುಂದಿನ ಅಂತಸ್ತಿನ ಕೆಲಸ ಶುರುವಾಯ್ತು.