ಸಿಬಿಡಿ ಎಣ್ಣೆ: ಹರಾಮೇ ಎಂದು ಕೇಳುವ ಮೊದಲು

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್ (ಸ) ಅವರ ಮೇಲೆ ಅಲ್ಲಾಹನ ಕರುಣೆ ಮತ್ತು ಶಾಂತಿ ಇರಲಿ.

ಸಹೋದರರೇ, ಕೆಲವು ವಾರಗಳ ಹಿಂದೆ ಅಸರ್ ನಮಾಜಿನ ನಂತರ ಚಾಮರಾಜಪೇಟೆಯ ಒಬ್ಬ ತಂದೆ ಜೇಬಿನಿಂದ ಸಣ್ಣ ಬಾಟಲಿಯೊಂದನ್ನು ತೆಗೆದು ತೋರಿಸಿದರು. "ಹಜರತ್, ಇದು ಸಿಬಿಡಿ ಎಣ್ಣೆ. ಗಾಂಜಾ ಗಿಡದ್ದಂತೆ. ಮಗಳಿಗೆ ಕೊಡುತ್ತಿದ್ದೇವೆ. ಹರಾಮಾ?" ಎಂದರು. ಮಗುವಿಗೆ ಏನಾಗಿದೆ ಎಂದು ಕೇಳಿದೆ. ಏಳು ವರ್ಷ, ಫಿಟ್ಸ್ ಬರುತ್ತದೆ ಎಂದರು. ಡಾಕ್ಟರ್ ಕೊಟ್ಟ ಮಾತ್ರೆ? "ಇದು ಶುರು ಮಾಡಿದ ಮೇಲೆ ಅದು ಬೇಡ ಅಂತ ಮಾರುವವರು ಹೇಳಿದರು. ಹತ್ತು ದಿನದಿಂದ ಕೊಟ್ಟಿಲ್ಲ." ಹಿಂದಿನ ರಾತ್ರಿ ಮಗುವಿಗೆ ಮತ್ತೆ ಫಿಟ್ಸ್ ಬಂದಿತ್ತು.

"ಭಾಯಿ, ಹರಾಮ್ ಹಲಾಲ್ ಆಮೇಲೆ ಮಾತಾಡೋಣ. ಈಗಲೇ ಮಗುವನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿ" ಎಂದೆ. ನಮ್ಮಲ್ಲಿ ಈ ಎಣ್ಣೆಯ ಬಗ್ಗೆ ಹರಡಿರುವ ನಾಲ್ಕು ತಪ್ಪು ತಿಳಿವಳಿಕೆಗಳನ್ನು ವೈದ್ಯರಿಂದ ಕೇಳಿ, ಓದಿ ತಿಳಿದಷ್ಟು ಇಲ್ಲಿ ಹೇಳುತ್ತೇನೆ.

ಒಂದು: "ಸಿಬಿಡಿ ಎಂದರೆ ಗಾಂಜಾ, ನಶೆ ಬರುತ್ತದೆ." ಗಾಂಜಾ ಗಿಡದಲ್ಲಿ ನೂರಕ್ಕೂ ಹೆಚ್ಚು ವಿಶೇಷ ರಾಸಾಯನಿಕಗಳಿವೆ. ಅಮಲು ಬರಿಸುವುದು ಮುಖ್ಯವಾಗಿ ಟಿಎಚ್‌ಸಿ. ಸಿಬಿಡಿ, ಅಂದರೆ ಕ್ಯಾನಬಿಡಿಯಾಲ್, ಬೇರೆ. ಅದರಿಂದ ಅಮಲಾಗಲಿ ಚಟವಾಗಲಿ ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 2018ರಲ್ಲಿ ಹೇಳಿತು. ಆದರೆ ಗಿಡದ ಇಡೀ ಸಾರ ತೆಗೆದ ಎಣ್ಣೆಯಲ್ಲಿ ಟಿಎಚ್‌ಸಿ ಕೂಡ ಇರಬಹುದು. ಆದ್ದರಿಂದ ಹೆಸರನ್ನಲ್ಲ, ಬಾಟಲಿಯೊಳಗೆ ಏನಿದೆ ಎಂಬುದನ್ನು ನೋಡಬೇಕು.

ಎರಡು: "ಎಲ್ಲ ರೋಗಕ್ಕೂ ಇದೇ ಮದ್ದು." ಮಂಡಿನೋವು, ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲವೂ ವಾಸಿಯಾಗುತ್ತದೆ ಎಂದು ಮಾರುವವರಿದ್ದಾರೆ. ಗಟ್ಟಿ ಆಧಾರವಿರುವುದು ಮಕ್ಕಳಲ್ಲಿ ಶುರುವಾಗುವ ಕೆಲವು ಕಠಿಣ ಮೂರ್ಛೆರೋಗಗಳಿಗೆ. ಡ್ರಾವೆ ಮತ್ತು ಲೆನಾಕ್ಸ್-ಗ್ಯಾಸ್ಟೊ ಎಂಬ ಎರಡಕ್ಕೆ ಅಮೆರಿಕದ ಔಷಧ ಇಲಾಖೆ 2018ರಲ್ಲಿ ಶುದ್ಧ ಸಿಬಿಡಿಯ ಔಷಧವನ್ನು ಒಪ್ಪಿತು. ಆ ಪ್ರಯೋಗಗಳಲ್ಲಿ ಮಕ್ಕಳು ಮೊದಲಿನ ಮಾತ್ರೆಗಳನ್ನು ಬಿಟ್ಟಿರಲಿಲ್ಲ. ಅವುಗಳ ಜೊತೆಗೇ ಇದನ್ನು ಕೊಟ್ಟರು. ಪ್ರಮಾಣವನ್ನೂ ನೋಡಿ. ಆ ಔಷಧವನ್ನು ಸಾಮಾನ್ಯವಾಗಿ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 10 ಮಿ.ಗ್ರಾಂ.ವರೆಗೆ ಹಂತಹಂತವಾಗಿ ಏರಿಸುತ್ತಾರೆ. 20 ಕೆಜಿ ಮಗುವಿಗೆ ಅದು 200 ಮಿ.ಗ್ರಾಂ. ಆ ತಂದೆಯ ಇಡೀ ಬಾಟಲಿಯಲ್ಲಿ ಇದ್ದದ್ದು 300! ಅವರು ಕೊಡುತ್ತಿದ್ದದ್ದು ದಿನಕ್ಕೆ ನಾಲ್ಕು ಹನಿ. ಹಾಗೆಂದು ಮನೆಯಲ್ಲೇ ಹನಿ ಹೆಚ್ಚಿಸುವುದು ಇನ್ನೂ ದೊಡ್ಡ ತಪ್ಪು.

ಮೂರು: "ಗಿಡಮೂಲಿಕೆ ತಾನೆ, ಏನೂ ಆಗುವುದಿಲ್ಲ." ನಿದ್ದೆಮಂಪರು, ಭೇದಿ, ಹಸಿವು ಕಡಿಮೆಯಾಗುವುದು ಇದರ ಅಡ್ಡಪರಿಣಾಮಗಳು. ಯಕೃತ್ತಿಗೆ ತೊಂದರೆಯಾಗಬಹುದಾದ್ದರಿಂದ ವೈದ್ಯರು ರಕ್ತಪರೀಕ್ಷೆ ಮಾಡಿಸುತ್ತಾರೆ. ಫಿಟ್ಸಿಗೆ ಕೊಡುವ ವ್ಯಾಲ್‌ಪ್ರೊಯೇಟ್ ಜೊತೆ ಸೇರಿದರೆ ಈ ಅಪಾಯ ಹೆಚ್ಚು. ಕ್ಲೊಬಜಾಮ್ ಜೊತೆ ಸೇರಿದರೆ ಮಂಪರು ಹೆಚ್ಚುತ್ತದೆ. ಹೃದಯದ ಕೆಲವು ರೋಗಿಗಳು ರಕ್ತ ಹೆಪ್ಪುಗಟ್ಟದಿರಲು ನುಂಗುವ ವಾರ್ಫರಿನ್ ಜೊತೆ ರಕ್ತಸ್ರಾವದ ಭಯವಿದೆ.

ನಾಲ್ಕು: "ಕಾನೂನು ಈಗ ಎಲ್ಲವನ್ನೂ ಬಿಟ್ಟಿದೆ." ಇಲ್ಲ. 1985ರ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಎಂದರೆ ಗಿಡದ ಹೂವಿನ ತುದಿ. ಚರಸ್ ಎಂದರೆ ಅದರ ಅಂಟು. ಎರಡೂ ಅಪರಾಧ. ತುದಿಯಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಎಲೆಯ ಔಷಧಗಳು ಆಯುಷ್ ಪರವಾನಗಿಯಲ್ಲಿ ತಯಾರಾಗುವುದು ಹೀಗೆ. ನಮ್ಮ ಊರಿನ ಕೋರಮಂಗಲದಲ್ಲೇ 2020ರಲ್ಲಿ ಇಂಥ ಔಷಧಗಳ ಕ್ಲಿನಿಕ್ ತೆರೆದಿತ್ತು. 2022ರಲ್ಲಿ ಕರ್ನಾಟಕ ಹೈಕೋರ್ಟ್ ಭಂಗಿಯ ಪ್ರಕರಣವೊಂದರಲ್ಲಿ ಜಾಮೀನು ಕೊಟ್ಟದ್ದನ್ನು ಹಿಡಿದು "ಗಾಂಜಾ ಬಿಟ್ಟಿದ್ದಾರೆ" ಎನ್ನುವ ಹುಡುಗರು ಸಂಕಟಕ್ಕೆ ಸಿಲುಕುತ್ತಾರೆ. ಇನ್ನೊಂದು ಮಾತು: ಆಹಾರವಾಗಿ ಮಾರುವ ಗಾಂಜಾ ಬೀಜದ ಎಣ್ಣೆ ಸಿಬಿಡಿ ಎಣ್ಣೆಯಲ್ಲ. ಅದರಲ್ಲಿ ಸಿಬಿಡಿ ಇರುವುದು ಅತ್ಯಲ್ಪ.

ಇನ್ನು ಧರ್ಮದ ಮಾತು. ಅಮಲು ಬರಿಸುವುದು ಹರಾಮ್. ಹೆಚ್ಚು ಸೇವಿಸಿದರೆ ಅಮಲು ಬರಿಸುವ ಪದಾರ್ಥ ಸ್ವಲ್ಪವಾದರೂ ಹರಾಮ್. ಹಶೀಶಿನ ನಿಷೇಧದ ಬಗ್ಗೆಯೇ ಇಮಾಮ್ ಝರ್ಕಶಿ 14ನೇ ಶತಮಾನದಲ್ಲಿ ಒಂದು ಗ್ರಂಥ ಬರೆದಿದ್ದಾರೆ. ಶುದ್ಧ ಸಿಬಿಡಿಯಲ್ಲಿ ನಿಷೇಧದ ಆ ಕಾರಣ ಕಾಣುವುದಿಲ್ಲ. ವೈದ್ಯರು ಬರೆದುಕೊಟ್ಟರೆ ಅದು ಇತರ ಔಷಧಗಳಂತೆಯೇ ಎಂಬುದು ನನ್ನ ತಿಳಿವಳಿಕೆ. ಟಿಎಚ್‌ಸಿ ಸೇರಿದ್ದರೆ, ಬೇರೆ ದಾರಿಯಿಲ್ಲವೆಂದು ನಂಬಿಕಸ್ಥ ವೈದ್ಯರು ಹೇಳಿದಾಗ ಮಾತ್ರ ಆಲಿಮರನ್ನು ಕೇಳಿ ಮುಂದುವರಿಯಿರಿ. ಔಷಧದ ಹೆಸರಿನಲ್ಲಿ ಗಾಂಜಾ ಸೇದುವುದು ಆತ್ಮವಂಚನೆ.

ಆದರೆ ಒಂದು ಮರೆಯಬೇಡಿ. ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ (ಸ) ಕಲಿಸಿದ್ದಾರೆ. ಯಾರಿಗೂ ಹಾನಿ ಮಾಡಬಾರದೆಂಬುದು ಶರೀಅತ್ತಿನ ಮೂಲ ನಿಯಮ. ಹಲಾಲ್ ಎಣ್ಣೆಯನ್ನೇ ನಂಬಿ ಮಗುವಿನ ಮಾತ್ರೆ ನಿಲ್ಲಿಸಿದರೂ ಹಾನಿ ಹಾನಿಯೇ. ಫಿಟ್ಸಿನ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವುದು ಪ್ರಾಣಾಪಾಯ.

ಆ ಮಗು ಈಗ ಮಾತ್ರೆ ತೆಗೆದುಕೊಳ್ಳುತ್ತಿದೆ. ಕಳೆದ ಶುಕ್ರವಾರ ತಂದೆಯ ಕೈ ಹಿಡಿದು ಮಸೀದಿಯ ಬಾಗಿಲವರೆಗೆ ಬಂದಿತ್ತು. ಅಲ್ಲಾಹನು ಅವಳಿಗೂ ನಮ್ಮ ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ. ಆಮೀನ್.