ಕೈ ಧ್ವನಿಮುದ್ರಕ

ಕೈ ಧ್ವನಿಮುದ್ರಕವು ಹಾಡು ಮತ್ತು ವಾದ್ಯಗಳ ಧ್ವನಿಯನ್ನು ಮೆಮೊರಿ ಕಾರ್ಡಿನಲ್ಲಿ ಕಡತವಾಗಿ ಉಳಿಸುವ, ಬ್ಯಾಟರಿಯಿಂದ ನಡೆಯುವ, ಅಂಗೈಯಗಲದ ಯಂತ್ರ. ಆಡುಮಾತಿನಲ್ಲಿ ಇದು ‘ರೆಕಾರ್ಡರ್’. ಮಾತನ್ನು ಮಾತ್ರ ಗುರಿಯಾಗಿಟ್ಟುಕೊಂಡ ವಾಯ್ಸ್ ರೆಕಾರ್ಡರ್‌ಗಿಂತ ಇದು ಭಿನ್ನವಾದುದು. ಇದರಲ್ಲಿ ಸಾಮಾನ್ಯವಾಗಿ ಎರಡು ಮೈಕ್‌ಗಳಿದ್ದು, ಮುದ್ರಣದ ಮಟ್ಟವನ್ನು ಬಳಸುವವರೇ ನಿಗದಿಪಡಿಸಬಹುದು. ಸ್ಟುಡಿಯೊದ ಮುಖ ಕಾಣದ ತತ್ವಪದ, ಭಜನೆ, ಬೀಸುವ ಪದ, ಮೊಹರಂ ಪದಗಳನ್ನು ಹಾಡುವವರ ಊರಿನಲ್ಲಿಯೇ ದಾಖಲಿಸಲು ಈ ಯಂತ್ರ ನೆರವಾಗುತ್ತದೆ.

ಹಿನ್ನೆಲೆ

ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಧ್ವನಿಮುದ್ರಣ ನಡೆಸಿದರು. 1984ರಲ್ಲಿ ನಜೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರು ತಮಿಳುನಾಡು, ಕೇರಳ ಮತ್ತು ಕರ್ನಾಟಕಗಳಲ್ಲಿ ಅದೇ ಜಾಡಿನಲ್ಲಿ ಮರುಅಧ್ಯಯನ ಮಾಡಿದರು. ಸ್ಟೆಫಾನ್ ಕುಡೆಲ್‌ಸ್ಕಿ 1951ರಲ್ಲಿ ರೂಪಿಸಿದ ನಾಗ್ರಾ ಟೇಪ್ ಯಂತ್ರ ಮತ್ತು 1963ರಲ್ಲಿ ಫಿಲಿಪ್ಸ್ ಸಂಸ್ಥೆ ತಂದ ಕ್ಯಾಸೆಟ್, ಧ್ವನಿಮುದ್ರಣವನ್ನು ಕೋಣೆಯಿಂದ ಹೊರಗೆ ತಂದವು. 1990ರ ಡಿಸೆಂಬರ್‌ನಲ್ಲಿ ಲೌರಿ ಹಾಂಕೊ, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರ ತಂಡವು ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು ಹಲವು ದಿನಗಳ ಕಾಲ ಮುದ್ರಿಸಿತು. 1998ರಲ್ಲಿ ಅಚ್ಚಾದ ಆ ಪಠ್ಯದಲ್ಲಿ 15,683 ಸಾಲುಗಳಿವೆ. ಮೆಮೊರಿ ಕಾರ್ಡಿನ ಸಣ್ಣ ಯಂತ್ರಗಳು ಬಳಕೆಗೆ ಬಂದದ್ದು ಇದರ ನಂತರ: ಎಡಿರೋಲ್ ಆರ್-09 (2006), ಜೂಮ್ ಎಚ್2 (2007), ಜೂಮ್ ಎಚ್1 (2010).

ಮೊದಲ ಬಳಕೆ

ಹೊಸ ಯಂತ್ರ ಕೈಗೆ ಬಂದವರು ಸಾಮಾನ್ಯವಾಗಿ ಎಡವುವುದು ಮುದ್ರಣದ ಗುಂಡಿಯಲ್ಲಿ. ಅನೇಕ ಮಾದರಿಗಳಲ್ಲಿ ಅದನ್ನು ಒಮ್ಮೆ ಒತ್ತಿದರೆ ಯಂತ್ರ ಸಿದ್ಧಸ್ಥಿತಿಗೆ ಮಾತ್ರ ಬರುತ್ತದೆ; ಕೆಂಪು ದೀಪ ಮಿನುಗುತ್ತದೆ, ಮಟ್ಟದ ಪಟ್ಟಿಯೂ ಕುಣಿಯುತ್ತದೆ, ಆದರೆ ಏನೂ ದಾಖಲಾಗುವುದಿಲ್ಲ. ಎರಡನೆಯ ಸಲ ಒತ್ತಿದ ಮೇಲೆಯೇ ಮುದ್ರಣ ಆರಂಭವಾಗುತ್ತದೆ. ದೀಪವನ್ನು ನಂಬದೆ, ಪರದೆಯ ಮೇಲೆ ಸೆಕೆಂಡುಗಳ ಎಣಿಕೆ ಸಾಗುತ್ತಿದೆಯೇ ಎಂದು ನೋಡುವುದೇ ಇದಕ್ಕಿರುವ ಪರೀಕ್ಷೆ. ಇಳಿವಯಸ್ಸಿನ ಹಾಡುಗಾರ್ತಿಯೊಬ್ಬರು ಒಂದು ಗಂಟೆ ಹಾಡಿ ದಣಿದ ಮೇಲೆ ಅದೇ ಪದವನ್ನು ಮತ್ತೆ ಹಾಡಿರೆಂದು ಕೇಳುವುದು ಸುಲಭವಲ್ಲ. ಹಾಡಿದರೂ ಅದು ಅದೇ ಪದವಾಗಿರುವುದಿಲ್ಲ.

ಎರಡನೆಯ ತೊಡಕು ಸ್ವಯಂಚಾಲಿತ ಮಟ್ಟ. ಮಾತಿಗೆ ಅನುಕೂಲವಾದ ಈ ಸೌಲಭ್ಯ ಸಂಗೀತವನ್ನು ಕೆಡಿಸುತ್ತದೆ. ತತ್ವಪದದ ನಡುವೆ ಹಾಡುಗಾರ ನಿಂತು ಏಕತಾರಿಯೊಂದೇ ಮಿಡಿಯುವಾಗ ಯಂತ್ರವು ಮೌನವನ್ನು ತುಂಬಲು ಮಟ್ಟವನ್ನು ಏರಿಸುತ್ತದೆ. ಫ್ಯಾನಿನ ಸದ್ದು, ಕೇಳುಗರ ಕೆಮ್ಮು ಮೇಲೇಳುತ್ತವೆ. ಮರುಕ್ಷಣ ದಮ್ಮಡಿ, ತಾಳ ಮತ್ತು ಹಿಮ್ಮೇಳ ಸೇರಿದಾಗ ಎಲ್ಲವನ್ನೂ ಒತ್ತಿಹಾಕುತ್ತದೆ. ಒಬ್ಬರ ದನಿಯೂ ಹತ್ತು ಜನರ ದನಿಯೂ ಒಂದೇ ಎತ್ತರದಲ್ಲಿ ಕೇಳಿಸುತ್ತವೆ. ಆದ್ದರಿಂದ ಅದನ್ನು ಆರಿಸಿ, ಮೇಳದವರಿಂದ ಅತಿ ಜೋರಿನ ಭಾಗವನ್ನು ಮೊದಲು ಹಾಡಿಸಿ, ಏರುದನಿ ಋಣ 12 ಡೆಸಿಬಲ್ ಆಸುಪಾಸಿನಲ್ಲಿ ನಿಲ್ಲುವಂತೆ ಹೊಂದಿಸುವುದು ವಾಡಿಕೆ. ಪರೀಕ್ಷೆಗೆ ಹಾಡುವಾಗ ಸಂಕೋಚಪಡುವವರು ಪದಕ್ಕೆ ಕಾವೇರಿದಾಗ ಇನ್ನಷ್ಟು ಎತ್ತರಿಸುತ್ತಾರೆ. ಆ ಅಂತರ ಅದಕ್ಕಾಗಿಯೇ. ಮಿತಿ ಮೀರಿ ಒಡೆದ ಧ್ವನಿಯನ್ನು ಪೂರ್ಣವಾಗಿ ಸರಿಪಡಿಸಲಾಗದು. ತಗ್ಗಿ ಮುದ್ರಿತವಾದುದನ್ನು ನಂತರ ಏರಿಸಬಹುದು.

ಸ್ಥಳದ ಪ್ರಭಾವ

ಕಿವಿ ಬೇಡವಾದುದನ್ನು ಬದಿಗಿರಿಸುತ್ತದೆ. ಮೈಕ್‌ಗೆ ಆ ವಿವೇಚನೆಯಿಲ್ಲ. ಕಲಬುರಗಿ ಜಿಲ್ಲೆಯ ಗುಂಡಗುರ್ತಿ, ಚಿತ್ತಾಪುರ, ಸೇಡಂ, ಶಹಾಬಾದ್ ಸೀಮೆಯಲ್ಲಿ ಇದು ಬೇಗ ಅರಿವಾಗುತ್ತದೆ. ಇಲ್ಲಿನ ಮನೆ, ಗುಡಿಗಳಿಗೆ ಹಾಸುವ ಶಹಾಬಾದ್ ಕಲ್ಲು ನುಣುಪಾದ ಸುಣ್ಣದ ಕಲ್ಲಾದ್ದರಿಂದ ಧ್ವನಿಯನ್ನು ಹೀರದೆ ಹಿಂದಿರುಗಿಸುತ್ತದೆ. ಎದುರಿಗೆ ಕುಳಿತು ಹಾಡಿದವರು ಮುದ್ರಣದಲ್ಲಿ ಬಾವಿಯೊಳಗಿಂದ ಹಾಡಿದಂತೆ ಕೇಳಿಸಬಹುದು. ನೆಲಕ್ಕೆ ಜಮಖಾನೆ ಹಾಸಿ, ಹಾಡುವವರ ಹಿಂದೆ ಕೌದಿ ಇಳಿಬಿಟ್ಟು, ಯಂತ್ರವನ್ನು ಎರಡು ಮೂರು ಅಡಿ ಸನಿಹಕ್ಕೆ ತಂದರೆ ಬಹುಮಟ್ಟಿಗೆ ಸರಿಹೋಗುತ್ತದೆ. ವಾಡಿ ಜಂಕ್ಷನ್ ಸುತ್ತಿನ ಊರುಗಳಲ್ಲಿ ರೈಲಿನ ಸದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಯಲಿನಲ್ಲಿ ಗಾಳಿ ತಡೆಯಲು ಮೈಕ್‌ಗೆ ಸ್ಪಂಜಿನ ಟೊಪ್ಪಿಗೆ ಬೇಕು. ಹೆಸರಿಗೆ ಕೈ ಯಂತ್ರವಾದರೂ ಕೈಯಲ್ಲಿ ಹಿಡಿದು ಮುದ್ರಿಸುವುದು ಒಳ್ಳೆಯದಲ್ಲ. ಬೆರಳಿನ ಉಜ್ಜಾಟವೂ ದಾಖಲಾಗುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಮಡಿಸಿದ ಟವೆಲಿನ ಮೇಲಿಡಬಹುದು.

ಕಡತಗಳು

ಎಂಪಿ3 ರೂಪವು ಜಾಗ ಉಳಿಸಲು ಧ್ವನಿಯ ಕೆಲವು ಅಂಶಗಳನ್ನು ಕಳೆಯುತ್ತದೆ. ಸಂಗ್ರಹಕ್ಕೆ ವೇವ್ ರೂಪವೇ ತಕ್ಕುದು. 24 ಬಿಟ್, 48 ಕಿಲೊಹರ್ಟ್ಸ್‌ನ ಸ್ಟೀರಿಯೊ ವೇವ್ ಕಡತಕ್ಕೆ ಗಂಟೆಗೆ ಸುಮಾರು 1 ಜಿಬಿ ಬೇಕಾಗುವುದರಿಂದ 32 ಜಿಬಿ ಕಾರ್ಡಿನಲ್ಲಿ ಸುಮಾರು 30 ಗಂಟೆ ಹಿಡಿಸುತ್ತದೆ. ಬ್ಯಾಟರಿ ಅದಕ್ಕಿಂತ ಮುಂಚೆಯೇ ಮುಗಿಯುತ್ತದೆ. ಮುದ್ರಣ ನಿಲ್ಲಿಸದೆ ಬ್ಯಾಟರಿ ತೆಗೆದರೆ ಕಡತ ಪೂರ್ಣಗೊಳ್ಳದೆ ತೆರೆಯದಂತಾಗಬಹುದು. ಕಡತಗಳಿಗೆ ಯಂತ್ರ ಕೊಡುವುದು ಬರಿಯ ಸಂಖ್ಯೆ ಅಥವಾ ದಿನಾಂಕ. ಕೆಲವು ಮಾದರಿಗಳಲ್ಲಿ ಬ್ಯಾಟರಿ ತೆಗೆದಿಟ್ಟರೆ ಗಡಿಯಾರವೂ ತಪ್ಪುತ್ತದೆ. ಹೀಗಾಗಿ ಕ್ಷೇತ್ರಕಾರ್ಯದಲ್ಲಿ ಹಾಡಿಗೆ ಮುನ್ನ ಹಾಡುವವರ ಹೆಸರು, ಊರು, ದಿನ, ಪದದ ಹೆಸರು ಮತ್ತು ಮುದ್ರಣಕ್ಕೆ ಅವರ ಒಪ್ಪಿಗೆಯನ್ನು ಅವರ ಬಾಯಿಂದಲೇ ಹೇಳಿಸಿ ಅದೇ ಕಡತದಲ್ಲಿ ಸೇರಿಸಲಾಗುತ್ತದೆ.