ಜರಡಿಯ ಕಣ್ಣು ಎಷ್ಟು ಕಿರಿದಾಗಿರಬೇಕು?

ಕೇಳದೆ ಬಂದ ಜಾಹೀರಾತು, ಕೊಳ್ಳದ ಲಾಟರಿಯ ಬಹುಮಾನ, ಮೋಸದ ಆಮಿಷ—ಇಂಥ ಇಮೇಲ್ ಪತ್ರಗಳಿಗೆ ಸ್ಪ್ಯಾಮ್ ಎಂದು ಹೆಸರು. 1978ರ ಮೇ ತಿಂಗಳಲ್ಲಿ ಅಮೆರಿಕದ ಆರ್ಪಾನೆಟ್ ಜಾಲದಲ್ಲಿ ಗಣಕಯಂತ್ರದ ಮಾರಾಟಗಾರನೊಬ್ಬನು ಸುಮಾರು 400 ಮಂದಿಗೆ ಒಂದೇ ಜಾಹೀರಾತನ್ನು ಕಳುಹಿಸಿದುದೇ ಈ ಪೀಡೆಯ ಮೊದಲೆಂದು ಹೇಳುವುದುಂಟು. ಇಂದು ಈ ಜೊಳ್ಳನ್ನು ತಡೆಯುವ ಜರಡಿಯೊಂದಿಲ್ಲದೆ ಅಂಚೆಪೆಟ್ಟಿಗೆಯನ್ನು ತೆರೆಯುವಂತೆಯೇ ಇಲ್ಲ.

ಈ ಜರಡಿ ಪತ್ರದ ಅರ್ಥವನ್ನು ಅರಿಯುವುದೆಂದು ಭಾವಿಸಬೇಕಾಗಿಲ್ಲ. ಅದು ಮಾಡುವುದು ಲೆಕ್ಕ. ಹಿಂದಿನ ಸ್ಪ್ಯಾಮ್‌ಗಳಲ್ಲಿ ‘ಉಚಿತ’ ಎಂಬ ಪದ ಎಷ್ಟು ಸಲ ಬಂದಿತ್ತು, ಒಳ್ಳೆಯ ಪತ್ರಗಳಲ್ಲಿ ಎಷ್ಟು ಸಲ? ಇಂಥ ಹಲವು ಪದಗಳ ಸಾಕ್ಷ್ಯವನ್ನು, 18ನೆಯ ಶತಮಾನದ ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್‌ನ ಹೆಸರಿನ ಸೂತ್ರದಂತೆ ಕೂಡಿಸಿ, ಪತ್ರವು ಸ್ಪ್ಯಾಮ್ ಆಗಿರುವ ಸಂಭವನೀಯತೆಯನ್ನು ಸೊನ್ನೆಯಿಂದ ಒಂದರವರೆಗಿನ ಸಂಖ್ಯೆಯಾಗಿ ಹೇಳಬಹುದು. ಈಚಿನ ಜರಡಿಗಳು ಬೇರೆ ಉಪಾಯಗಳನ್ನೂ ಬಳಸುತ್ತವೆ. ಆದರೆ ಯಾವ ಸಂಖ್ಯೆಯನ್ನು ಮೀರಿದರೆ ಪತ್ರವನ್ನು ತಡೆಯಬೇಕೆಂಬುದನ್ನು ಮನುಷ್ಯನೇ ನಿಶ್ಚಯಿಸಬೇಕು.

ಅರ್ಧವನ್ನು ಮೀರಿದರೆ ಸಾಕೆನ್ನೋಣವೆ? ವಿದ್ಯಾರ್ಥಿವೇತನದ ಪತ್ರವೊಂದನ್ನು ಊಹಿಸಿಕೊಳ್ಳೋಣ: “ಅಭಿನಂದನೆಗಳು! ನೀವು ಆಯ್ಕೆಯಾಗಿರುವಿರಿ. ಹಣ ಪಡೆಯಲು ಕೂಡಲೆ ಉತ್ತರಿಸಿರಿ.” ಲಾಟರಿಯ ಮೋಸಗಾರನ ಮಾತೂ ಇದೇ ಅಲ್ಲವೆ! ಇದಕ್ಕೆ 0.95 ಬಂದರೆ ಆಶ್ಚರ್ಯವಿಲ್ಲ.

ಇಲ್ಲಿ ತಪ್ಪುಗಳು ಎರಡು ಬಗೆ: ಜೊಳ್ಳು ಒಳಬರುವುದು, ಕಾಳು ಹೊರಗುಳಿಯುವುದು. ಒಂದು ಒಳ್ಳೆಯ ಪತ್ರದ ನಷ್ಟ 9 ಸ್ಪ್ಯಾಮ್‌ಗಳ ಕಿರುಕುಳಕ್ಕೆ ಸಮವೆಂದು ಭಾವಿಸಿದರೆ, ಸಂಭವನೀಯತೆ 9/10ನ್ನು, ಎಂದರೆ 0.9ನ್ನು, ಮೀರಿದಾಗ ಮಾತ್ರ ತಡೆಯುವುದು ಲಾಭಕರ. 999 ಸ್ಪ್ಯಾಮ್‌ಗಳಿಗೆ ಸಮವೆಂದರೆ ಗೆರೆ 0.999ಕ್ಕೆ ಏರುತ್ತದೆ, ನಮ್ಮ ವಿದ್ಯಾರ್ಥಿಯ ಪತ್ರ ಉಳಿಯುತ್ತದೆ. 1998ರಲ್ಲಿ ಮೆಹ್ರಾನ್ ಸಹಾಮಿ ಮತ್ತು ಸಂಗಡಿಗರು ಆರಿಸಿಕೊಂಡುದು ಈ ಎರಡನೆಯ ಗೆರೆಯನ್ನೇ. 2002ರಲ್ಲಿ ಪಾಲ್ ಗ್ರಹಾಮ್ 0.9ನ್ನು ಇರಿಸಿದನಾದರೂ, ಒಳ್ಳೆಯ ಪತ್ರಗಳ ಪದಗಳನ್ನು ಎರಡೆರಡು ಸಲ ಎಣಿಸಿ ತಕ್ಕಡಿಯನ್ನು ಅವುಗಳ ಕಡೆಗೆ ವಾಲಿಸಿದನು. ಇದು ಜಾಣತನವೆಂದೇ ನಮ್ಮ ಅಭಿಪ್ರಾಯ.

ಆದರೆ ಒಳನುಸುಳಿದ ಸ್ಪ್ಯಾಮ್ ಬರಿಯ ಕಿರುಕುಳವಾಗಿರದೆ, ಬ್ಯಾಂಕಿನ ಹೆಸರಿನಲ್ಲಿ ಗುಪ್ತಪದವನ್ನು ಕದಿಯುವ ಬಲೆಯಾಗಿದ್ದರೆ? ಆಗ 9, 999 ಎಂಬ ಬೆಲೆಗಳೇ ಬದಲಾಗಿ, ಗೆರೆಯನ್ನು ಕೆಳಗಿಳಿಸಬೇಕಾಗುತ್ತದೆ.

ತಡೆದ ಪತ್ರವನ್ನು ಒಡನೆಯೇ ನಾಶಮಾಡದೆ ಬೇರೆಡೆ ಇರಿಸುವುದರಿಂದ ಕಾಳಿನ ನಷ್ಟ ಕೊಂಚ ತಗ್ಗುತ್ತದೆ. ಜಿಮೇಲ್ ಅದನ್ನು 30 ದಿನ ಇರಿಸಿ ಅಳಿಸುತ್ತದೆ. ಸಂದರ್ಶನದ ದಿನ ಅದಕ್ಕೂ ಮೊದಲೇ ಕಳೆದುಹೋಗಿರಬಹುದು. ಅರ್ಜಿ ಹಾಕಿ ಕಾದಿರುವವರು ಆ ಪೆಟ್ಟಿಗೆಯನ್ನು ವಾರಕ್ಕೆರಡು ಸಲವಾದರೂ ಕೆದಕಿ ನೋಡಬೇಕು.